ಜನರಲ್ ಶಿಫ್ಟ್

ಗಿರಿಜಾಂಬ ಮಿಸ್ಸು ಹೆರಿಗೆ ರಜೆಗೆ ಹೋಗುತ್ತಾರೆಂಬುದು ಊರಿಗೆಲ್ಲ ಗೊತ್ತಿದ್ದ ಸುದ್ದಿ. ಅವರ ಜಾಗಕ್ಕೆ ಬರುವವಳು ತನ್ನ ಅಮ್ಮನೇ ಎಂದು ಸಿರಿಗೆ ಗೊತ್ತಾದದ್ದು ಮಾತ್ರ ಒಂದು ಭಾನುವಾರ ಬೆಳಿಗ್ಗೆ, ಹಿತ್ತಲ ಬಾಗಿಲಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಕೂತಿದ್ದಾಗ.

"ಯಾವ ಕ್ಲಾಸಿಗೆ?"

"ಎಂಟು, ಒಂಬತ್ತು. ಸಮಾಜ."

"ಒಂಬತ್ತು ಎನಾ, ಬಿನಾ?"

ರಾಧಾಮಣಿ ಮಗಳ ನೆತ್ತಿ ತಟ್ಟುತ್ತಿದ್ದ ಕೈಯನ್ನು ಒಂದು ಗಳಿಗೆ ನಿಲ್ಲಿಸಿ, "ಎರಡೂ" ಅಂದಳು.

ಸಿರಿ ಎಣ್ಣೆ ಕೂದಲನ್ನು ಹಾಗೇ ಹಿಡಿದುಕೊಂಡು ತಿರುಗಿ ಕೂತಳು. "ಬ್ಯಾಡಮ್ಮ. ನಮ್ ಬಿ ಕ್ಲಾಸು ನಿಂಗೊತ್ತಿಲ್ಲ."

"ಹದಿನಾಲ್ಕು ವರ್ಷದ ಮಕ್ಕಳು ಕಣೇ. ಹುಲಿ ಕರಡಿ ಅಲ್ಲ."

"ಹುಲಿ ಕರಡಿ ಆಗಿದ್ರೆ ಹೆದ್ರುತಾ ಇರ್ಲಿಲ್ಲ" ಎಂದಳು ಸಿರಿ.

ಜಗಲಿಯ ಮೇಲೆ ಕೂತು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಕಾವೇರಮ್ಮ ಅಲ್ಲಿಂದಲೇ, "ಹೋಗ್ಲಿ ಬುಡು ಮಗ, ನಿಮ್ಮವ್ವ ಮದುವೆ ಆದಾಗ್ನಿಂದ ಆ ಬಿಎಡ್ಡು ಬಿಎಡ್ಡು ಅಂತ ಟ್ರಂಕ್ನಲ್ಲಿ ಮಡಿಕೊಂಡವ್ಳೆ. ಒಂದ್ಸಲ ಬಿಸ್ಲಿಗೆ ಬೀಳ್ಲಿ" ಅಂದರು.

ಅದು ನಿಜ. ಚನ್ನಪಟ್ಟಣದಲ್ಲಿ ಓದಿ ಬೆಳೆದ ರಾಧಾಮಣಿಗೆ ಬಿ.ಎಡ್. ಫಲಿತಾಂಶ ಬಂದ ತಿಂಗಳೇ ಮದುವೆಯಾಗಿತ್ತು. ಆಮೇಲೆ ಸಿರಿ, ಆಮೇಲೆ ಅತ್ತೆಯ ರೇಷ್ಮೆ ಹುಳ, ಗಂಡ ನಟರಾಜುವಿನ ಬಿಡದಿ ಕಂಪನಿಯ ಶಿಫ್ಟು, ಯಾವ ಹೊತ್ತಿಗೆ ಬಂದರೂ ಬಿಸಿಯಾಗಿರಬೇಕಾದ ಮುದ್ದೆ. ಕಲಿತದ್ದನ್ನು ಕಲಿಸಬೇಕೆಂಬ ಆಸೆ ಒಲೆಯ ಮೇಲೆ ಮರೆತ ಹಾಲಿನಂತೆ ಒಳಗೇ ಸಣ್ಣಗೆ ಕುದಿಯುತ್ತಿತ್ತು. ಈಗ ತೋಪಿನದೊಡ್ಡಿ ಹೈಸ್ಕೂಲಿನ ಹೆಡ್ ಮಾಸ್ಟರ್ ಗುರುಸಿದ್ದಯ್ಯನವರು ತಾವಾಗೇ ಕರೆದಿದ್ದರು. "ಮಾರ್ಚ್ ತನಕ ಒಂಬತ್ತನೇ ಬಿ ಒಂದನ್ನ ಹಿಡಿತದಲ್ಲಿ ಇಟ್ಕೊಳ್ಳಿ ಮೇಡಂ. ಜೂನಿಂದ ಇವರನ್ನೇ ಉಳಿಸ್ಕೊಳ್ಳೋಣ ಅಂತ ಕಮಿಟಿಗೆ ನಾನೇ ಹೇಳ್ತೀನಿ" ಎಂದಿದ್ದರು.

ಸಿರಿ ಬಹಳ ಹೊತ್ತು ಯೋಚಿಸಿ ಷರತ್ತು ಹಾಕಿದಳು. ಸ್ಕೂಲಿನಲ್ಲಿ ಅಮ್ಮ ಅನ್ನುವುದಿಲ್ಲ, ಮಿಸ್ ಅನ್ನುತ್ತೇನೆ. ಜೊತೆಯಲ್ಲಿ ನಡೆದು ಬರುವುದಿಲ್ಲ. ನನ್ನನ್ನು ಪ್ರಶ್ನೆ ಕೇಳಬೇಡ. ಊಟದ ಡಬ್ಬಿ ಮರೆತರೂ ಕ್ಲಾಸಿಗೆ ತಂದುಕೊಡಬೇಡ. ರಾಧಾಮಣಿ ಎಲ್ಲಕ್ಕೂ ಹೂಂಗುಟ್ಟಿ, ಮಗಳ ನೆತ್ತಿಯ ಮೇಲೆ ಕೈಯಿಟ್ಟು, "ನನ್ನಿಂದ ನಿಂಗೇನೂ ಆಗಲ್ಲ. ನಿನ್ನಾಣೆ" ಎಂದಳು.

"ಎಣ್ಣೆ ಕೈಲಿ ಆಣೆ ಇಕ್ಬ್ಯಾಡ, ಜಾರ್ಕಂಡ್ ಹೋಯ್ತದೆ" ಎಂದು ಸಿರಿ ನಕ್ಕಳು. ಸದ್ಯ, ನಕ್ಕಳಲ್ಲಾ ಎಂದು ರಾಧಾಮಣಿಗೆ ಸಮಾಧಾನವಾಯಿತು.

ಹೈಸ್ಕೂಲಿನ ಹಿಂದಿನ ಆಟದ ಬಯಲು ಮುಗಿಯುವಲ್ಲಿ ಮೊದಲು ರಾಗಿ ಹೊಲಗಳಿದ್ದವು. ಈಗ ಅಲ್ಲಿ ಉದ್ದಕ್ಕೂ ನೀಲಿ ತಗಡಿನ ಗೋಡೆ. ಅದರಾಚೆಗೆ ಕಾರಿನ ಕಂಪನಿಗೆ ಬಿಡಿಭಾಗ ಮಾಡಿಕೊಡುವ ಕಾರ್ಖಾನೆಗಳು ಒಂದರ ಬೆನ್ನಿಗೆ ಒಂದು ಎದ್ದಿದ್ದವು. ರಸ್ತೆಯ ಮೇಲೆ ಹೊತ್ತು ಹೊತ್ತಿಗೆ ಕಂಪನಿ ಬಸ್ಸುಗಳು ಓಡಾಡುತ್ತಿದ್ದವು. ಹೊಲ ಕೊಟ್ಟವರ ಮನೆಗಳೆಲ್ಲ ತಾರಸಿಯಾಗಿದ್ದವು. ಒಂಬತ್ತನೇ ತರಗತಿಯ ಹುಡುಗರಿಗೆ ಮಗ್ಗಿ ಬರುತ್ತಿತ್ತೋ ಇಲ್ಲವೋ, ಎ ಶಿಫ್ಟು ಎಷ್ಟಕ್ಕೆ ಬಿಡುತ್ತದೆ, ಬಿ ಶಿಫ್ಟಿನ ಬಸ್ಸಿನ ಡ್ರೈವರ್ ಯಾರು ಎನ್ನುವುದು ಬಾಯಿಪಾಠವಾಗಿತ್ತು. ಹತ್ತನೇ ಕ್ಲಾಸು ಅಂತ ಒಂದು ದಾಟಿದರೆ ಸಾಕು, ಹದಿನೆಂಟಕ್ಕೆ ಕಾಂಟ್ರಾಕ್ಟಿನಲ್ಲಿ ತೆಗೆದುಕೊಳ್ಳುತ್ತಾರೆ ಎಂದು ಅಪ್ಪಂದಿರೇ ಹೇಳುತ್ತಿದ್ದರು. ಅಲ್ಲಿಯವರೆಗೆ ಮಕ್ಕಳನ್ನು ಎಲ್ಲಾದರೂ ಕೂರಿಸಬೇಕಲ್ಲ, ಅದಕ್ಕೆ ಒಂಬತ್ತನೇ ಬಿ.

ಮೊದಲ ದಿನ ರಾಧಾಮಣಿ ಒಳಗೆ ಹೋದಾಗ ಎಲ್ಲರೂ ಎದ್ದು ನಿಂತು, "ನಮಸ್ತೇ ಮಿಸ್" ಎಂದು ರಾಗ ಎಳೆದರು. ಅವಳು ಕೂತುಕೊಳ್ಳಿ ಎಂದಳು, ಕೂತರು. ನದಿಗಳ ಪಾಠ. ಬೋರ್ಡಿನ ಮೇಲೆ ಕಾವೇರಿಯನ್ನು ಒಂದು ಗೀಟಿನಲ್ಲಿ ಹರಿಸಿ, ಅದಕ್ಕೆ ಅರ್ಕಾವತಿಯನ್ನು ತಂದು ಸೇರಿಸುವ ಹೊತ್ತಿಗೆ ಬೆನ್ನ ಹಿಂದೆ ಸಣ್ಣಗೆ ಒಂದು ಸದ್ದು ಶುರುವಾಯಿತು. ದೂರದಲ್ಲಿ ಎಲ್ಲೋ ಮೋಟಾರು ಹಾಕಿದ ಹಾಗೆ. ತಿರುಗಿದಳು. ಎಲ್ಲರ ಬಾಯಿಯೂ ಮುಚ್ಚಿತ್ತು, ಎಲ್ಲರ ಕಣ್ಣೂ ಬೋರ್ಡಿನ ಮೇಲಿತ್ತು. ಸದ್ದು ಮಾತ್ರ ಬರುತ್ತಲೇ ಇತ್ತು.

ತುಟಿ ಮುಚ್ಚಿಕೊಂಡು ಗಂಟಲಲ್ಲಿ ಹೊರಡಿಸುವ ಗುಂಯ್ ಎನ್ನುವ ಸದ್ದು. ಅವಳು ಕಿಟಕಿಯ ಪಕ್ಕದ ಸಾಲಿನ ಕಡೆ ನಡೆದಳು. ಅಲ್ಲಿ ನಿಂತಿತು, ನಡುವಿನ ಸಾಲಿನಲ್ಲಿ ಹುಟ್ಟಿತು. ನಡುವಿನ ಸಾಲಿಗೆ ಬಂದಳು. ಅಲ್ಲಿ ನಿಂತು ಬಾಗಿಲ ಕಡೆಯ ಸಾಲಿಗೆ ಹೋಯಿತು.

"ಏನದು ಸದ್ದು?"

ಕೊನೆಯ ಬೆಂಚಿನಿಂದ ಎತ್ತರದ ಹುಡುಗನೊಬ್ಬ ಬಹಳ ಮರ್ಯಾದೆಯಿಂದ ಎದ್ದು ನಿಂತ. ದೀಪು. ಸ್ಕೂಲ್ ಕಮಿಟಿಯ ಮರಿಯಪ್ಪನವರ ಮಗ. "ಫ್ಯಾಕ್ಟರಿ ಮಿಸ್. ಗಿರಿಜಾಂಬ ಮಿಸ್ಗೂ ಹಿಂಗೇ ಕೇಳಿಸ್ತಿತ್ತು. ಕಿಟಕಿ ಹಾಕ್ಲಾ ಮಿಸ್?"

ಅವನ ಪಕ್ಕದ ನಜೀರ್ ಮುಖವನ್ನು ಪುಸ್ತಕದೊಳಗೆ ಹುದುಗಿಸಿದ. ಅವನ ಭುಜ ಕುಲುಕುತ್ತಿತ್ತು.

ಸಂಜೆ ಮನೆಯಲ್ಲಿ ಸಿರಿ ಅಕ್ಕಿ ಆರಿಸುತ್ತಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಕಿಟಕಿ ಸಾಲು ಎ ಶಿಫ್ಟು, ನಡುವಿನದು ಬಿ ಶಿಫ್ಟು, ಬಾಗಿಲ ಕಡೆಯದು ಸಿ ಶಿಫ್ಟು. ಮಿಸ್ಸು ಹತ್ತಿರ ಬಂದರೆ ಆ ಶಿಫ್ಟಿಗೆ ರಜೆ, ಮುಂದಿನವರು ಹಿಡಿದುಕೊಳ್ಳಬೇಕು. ಯಾರು ಹೊರಡಿಸುತ್ತಿದ್ದಾರೆ ಎಂದು ಯಾರೂ ಹಿಡಿಯಲಾರರು, ತುಟಿ ಅಲ್ಲಾಡುವುದಿಲ್ಲವಲ್ಲ. ಎಲ್ಲರೂ ಒಟ್ಟಿಗೆ ಹೊರಡಿಸಿದರೆ ಅದು ಜನರಲ್ ಶಿಫ್ಟು.

"ನೀನೂ ಮಾಡ್ತೀಯೇನೇ?"

"ನಮ್ದು ಬಿ ಶಿಫ್ಟು" ಎಂದಳು ಸಿರಿ, ಕಲ್ಲೊಂದನ್ನು ಆರಿಸಿ ಎಸೆಯುತ್ತಾ. "ನಾನ್ ಮಾಡಲ್ಲ. ಅದುಕ್ಕೇ ಯಾರೂ ನನ್ನತ್ರ ಮಾತಾಡಕಿಲ್ಲ, ಕವನ ಒಬ್ಳ ಬುಟ್ಟು."

"ಗಿರಿಜಾಂಬ ಮಿಸ್ಸು ಏನ್ ಮಾಡ್ತಿದ್ರು?"

"ಅವ್ರು ಸುಮ್ನೆ ನೋಡೋರು. ಅಷ್ಟೇ ಸಾಕಾಯ್ತಿತ್ತು."

ಸುಮ್ಮನೆ ನೋಡುವುದನ್ನು ರಾಧಾಮಣಿ ಮಾರನೆಯ ದಿನವೇ ಪ್ರಯತ್ನಿಸಿದಳು. ನಜೀರ್ ತಿರುಗಿ ಅಷ್ಟೇ ಹೊತ್ತು ಅವಳನ್ನೇ ನೋಡಿ, "ಮಿಸ್, ಕಣ್ಗೇನಾರ ಬಿದ್ದೈತಾ?" ಎಂದು ಕಳಕಳಿಯಿಂದ ಕೇಳಿದ. ಕಥೆ ಹೇಳಿದಳು. ಕಥೆ ಮುಗಿಯುವವರೆಗೆ ಸುಮ್ಮನಿದ್ದರು, ಪಾಠ ಎಂದ ಕೂಡಲೇ ಮೋಟಾರು ಹಾಕಿದರು. ಪ್ರಶ್ನೋತ್ತರದ ಆಟ ಆಡಿಸಿದಳು. ಗೆದ್ದವರು ಸೋತವರ ಮೇಲೆ ಡಸ್ಟರ್ ಎಸೆದರು. ಮೇಜಿನ ಮೇಲೆ ಸ್ಕೇಲಿನಿಂದ ಬಡಿದಳು. ಅದೇ ತಾಳಕ್ಕೆ ಎಲ್ಲರೂ ಬೆಂಚು ಬಡಿದರು, ಚೆನ್ನಾಗಿಯೇ ಬಡಿದರು. ಒಂದು ದಿನ ಸಾಕಾಗಿ ಪಾಠ ನಿಲ್ಲಿಸಿ ಕುರ್ಚಿಯಲ್ಲಿ ಕೂತುಬಿಟ್ಟಳು, ಇವರಾಗೇ ಸುಮ್ಮನಾಗಲಿ ಎಂದು. ಬೆಲ್ ಹೊಡೆಯುವವರೆಗೂ ಯಾರೂ ಸುಮ್ಮನಾಗಲಿಲ್ಲ. ಹೋಗುವಾಗ ಮಾತ್ರ ಎದ್ದು ನಿಂತು, "ಥ್ಯಾಂಕ್ಯೂ ಮಿಸ್" ಎಂದರು.

ಬೆಳಿಗ್ಗೆ ರೊಟ್ಟಿ ತಟ್ಟುವಾಗ ಇವತ್ತು ಹೀಗೆ ಶುರುಮಾಡಬೇಕು ಎಂದುಕೊಳ್ಳುವಳು. ಸಂಜೆ ಅದೇ ಹೆಂಚು ತೊಳೆಯುವಾಗ, ಎಲ್ಲಿ ತಪ್ಪಿತು ಎಂದು ಹುಡುಕುವಳು. ಮಕ್ಕಳ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಿಟ್ಟು ಬರುತ್ತಿರಲಿಲ್ಲ. ನಜೀರನ ಅಂಗಿಯ ಗುಂಡಿ ಕಿತ್ತುಹೋಗಿರುವುದು, ದೀಪುವಿನ ಧ್ವನಿ ಒಡೆಯುತ್ತಿರುವುದು, ಇಂಥದ್ದೇ ಕಣ್ಣಿಗೆ ಬೀಳುತ್ತಿತ್ತು.

ಗುರುಸಿದ್ದಯ್ಯನವರು ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದು ಬಾಗಿಲಲ್ಲೇ ನಿಂತರು. "ಮೇಡಂ, ನಿಮ್ಮ ಕ್ಲಾಸಿಂದ ಜೇನು ಎದ್ದಂಗೆ ಕೇಳ್ತದೆ. ನನ್ನ ರೂಮಲ್ಲಿ ಫೋನು ಎತ್ತಕ್ಕಾಗಲ್ಲ."

"ಯಾರು ಅಂತ ಗೊತ್ತಾಗಲ್ಲ ಸಾರ್."

"ಗೊತ್ತಾಗೋದೇನೂ ಬೇಡ. ಒಬ್ಬರನ್ನ ಹಿಡೀರಿ. ಆಚೆ ನಿಲ್ಲಿಸಿ. ಉಳಿದವರು ತಾನಾಗೇ ಮುದುರ್ಕೋತಾರೆ. ಮೂವತ್ತು ವರ್ಷದಿಂದ ನಾನು ನೋಡ್ತಿರೋದು ಇಷ್ಟೇ." ಆಮೇಲೆ ಧ್ವನಿ ತಗ್ಗಿಸಿ, "ಸೋಮವಾರದೊಳಗೆ ಸರಿಹೋಗದೇ ಇದ್ರೆ ಮಾಗಡಿಯಿಂದ ರಿಟೈರ್ಡ್ ಮೇಷ್ಟ್ರು ಒಬ್ಬರು ಬರ್ತೀನಿ ಅಂದಿದಾರೆ. ಬೇಜಾರ್ ಮಾಡ್ಕೋಬೇಡಿ" ಎಂದು ಹೋದರು.

ಒಬ್ಬರನ್ನು ಹಿಡಿಯಬೇಕು. ಯಾರನ್ನು? ದೀಪುವನ್ನು ಆಚೆ ನಿಲ್ಲಿಸಿದರೆ ಸಂಜೆಗೆ ಮರಿಯಪ್ಪನವರ ಜೀಪು ಸ್ಕೂಲಿನ ಮುಂದೆ ನಿಲ್ಲುತ್ತದೆ. ನಜೀರನನ್ನು ನಿಲ್ಲಿಸಿದರೆ ಯಾರೂ ಬರುವುದಿಲ್ಲ. ಅವನ ತಾಯಿ ನೂರ್‌ಜಹಾನ್ ರಾಮನಗರದ ಫಿಲೇಚರಿನಲ್ಲಿ ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ರೇಷ್ಮೆ ಎಳೆ ತೆಗೆಯುವವಳು, ಕೇಳಲು ಬರುವಷ್ಟು ಬಿಡುವು ಅವಳಿಗಿಲ್ಲ. ಕೇಳುವವರಿಲ್ಲ ಎಂದು ಅವನನ್ನು ಹಿಡಿಯಲು ರಾಧಾಮಣಿಗೆ ಮನಸ್ಸು ಬರಲಿಲ್ಲ.

ಈ ಕಡೆಯ ಹೆಂಗಸರಿಗೆ ಒಂದು ಅಭ್ಯಾಸವಿದೆ. ಬೀದಿಯಲ್ಲಿ ಮಕ್ಕಳು ಕಿತ್ತಾಡಿ ಯಾವುದಾದರೂ ಒಂದು ಅಳುತ್ತಾ ಬಂದರೆ, ತಪ್ಪು ಯಾರದು ಎಂದು ವಿಚಾರಿಸುವುದಕ್ಕೆ ಮುಂಚೆ ತಮ್ಮ ಮಗುವಿನ ಬೆನ್ನಿಗೆ ಒಂದು ಗುದ್ದುತ್ತಾರೆ. ಪಕ್ಕದ ಮನೆಯವಳ ಸಿಟ್ಟು ಅಲ್ಲಿಗೇ ಇಳಿದುಹೋಗುತ್ತದೆ. ಅವಳೇ ಬಂದು, "ಬುಡಕ್ಕ, ಮಕ್ಕ್ಳು" ಎಂದು ಬಿಡಿಸಿಕೊಳ್ಳುತ್ತಾಳೆ. ಮಗು ಒಳಗೆ ಹೋದ ಮೇಲೆ ಬೆಲ್ಲದ ಚೂರು ಸಿಗುತ್ತದೆ. ಕಾವೇರಮ್ಮ ನಟರಾಜುವನ್ನು ಬೆಳೆಸಿದ್ದು ಹಾಗೆ, ರಾಧಾಮಣಿಯ ತಾಯಿ ರಾಧಾಮಣಿಯನ್ನು ಬೆಳೆಸಿದ್ದೂ ಹಾಗೆಯೇ. ಅದು ಅನ್ಯಾಯ ಎಂದು ಯಾರಿಗೂ ಅನಿಸಿದ್ದಿಲ್ಲ. ನಮ್ಮದು ಎಂಬ ಹಕ್ಕಿನಿಂದ ಹೊಡೆಯುವುದು ಅದು.

ಸೋಮವಾರ ಮೂರನೇ ಪೀರಿಯಡ್ಡು. ಸದ್ದು ಎ ಶಿಫ್ಟಿನಿಂದ ಬಿ ಶಿಫ್ಟಿಗೆ ದಾಟಿತು. ಗುರುಸಿದ್ದಯ್ಯನವರ ಚಪ್ಪಲಿಯ ಸಪ್ಪಳ ಪಡಸಾಲೆಯ ಆ ಕೊನೆಯಲ್ಲಿ ಕೇಳಿಸಿತು. ರಾಧಾಮಣಿಯ ಬಾಯಿಯಿಂದ ಅವಳಿಗೇ ತಿಳಿಯದಂತೆ ಬಂತು:

"ಸಿರಿ. ಎದ್ದೇಳು. ಆಚೆ ಹೋಗಿ ನಿಂತ್ಕೋ."

ಸದ್ದು ಕತ್ತರಿಸಿದಂತೆ ನಿಂತಿತು. ಸಿರಿ ತಲೆಯೆತ್ತಿದಳು. ಕೇಳಿಸಿದ್ದು ತನ್ನ ಹೆಸರೇ ಎಂದು ಖಾತ್ರಿ ಮಾಡಿಕೊಳ್ಳುವವಳಂತೆ ಒಂದು ಕ್ಷಣ ಅಮ್ಮನನ್ನು ನೋಡಿ, "ಹೂಂ ಮಿಸ್" ಎಂದು ಎದ್ದು ಹೋದಳು. ಪಕ್ಕದ ಕವನ ಅವಳ ಲಂಗ ಬೆಂಚಿನ ಮೊಳೆಗೆ ಸಿಕ್ಕಿಕೊಂಡದ್ದನ್ನು ಬಿಡಿಸಿದಳು. ಬಾಗಿಲಾಚೆ ಬಿಸಿಲಿತ್ತು.

ಆ ಪೀರಿಯಡ್ಡು ಪೂರ್ತಿ ಒಂಬತ್ತನೇ ಬಿ ಉಸಿರಾಡಿದ್ದೂ ಕೇಳಿಸಲಿಲ್ಲ. ಗುರುಸಿದ್ದಯ್ಯನವರು ಬಾಗಿಲಲ್ಲಿ ನಿಂತು, ಒಳಗೆ ನೋಡಿ, ಆಚೆ ನಿಂತವಳನ್ನು ನೋಡಿ, ಹುಬ್ಬೇರಿಸಿದರು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಹೇಳಿದರು: "ಸ್ವಂತ ಮಗಳು ಅಂತ ನೋಡ್ಲಿಲ್ಲ ಕಣ್ರೀ. ಮೇಷ್ಟ್ರು ಅಂದ್ರೆ ಹಿಂಗಿರ್ಬೇಕು."

ಸಂಜೆ ಸಿರಿಯ ತಟ್ಟೆಗೆ ರಾಧಾಮಣಿ ಒಂದು ಚಮಚ ಜಾಸ್ತಿಯೇ ತುಪ್ಪ ಹಾಕಿದಳು. ಸಿರಿ ಊಟ ಮಾಡಿ ತಟ್ಟೆ ತೊಳೆದಿಟ್ಟಳು. ಏನೂ ಕೇಳಲಿಲ್ಲ. ಕೇಳಿದ್ದರೆ ರಾಧಾಮಣಿಯ ಬಳಿ ಉತ್ತರವಿತ್ತು, ಬಿಸಿಲಿಗೆ ತಲೆ ನೋಯಿತೇ ಎಂದು ಕೇಳುವ ನೆಪವೂ ಇತ್ತು.

"ಏನ್ ಬಂದೈತವ್ವ ನಿಮ್ಮಿಬ್ರಿಗೂ?" ಎಂದರು ಕಾವೇರಮ್ಮ. "ಮನೇಲಿ ಹುಳ ಮೇಯೋ ಸದ್ದೇ ಕಿವಿಗಡಚಿಕ್ಕಂಗಾಯ್ತದೆ."

ಬೀದಿಯ ಲೆಕ್ಕದಲ್ಲಿ ಅದು ಅಲ್ಲಿಗೆ ಮುಗಿಯಬೇಕಿತ್ತು. ಪಕ್ಕದ ಮನೆಯವಳು ಬಂದು ಬಿಡಿಸಿಕೊಳ್ಳಬೇಕಿತ್ತು. ಒಂಬತ್ತನೇ ಬಿ ಯಲ್ಲಿ ಆ ಪಕ್ಕದ ಮನೆಯವಳು ಇರಲಿಲ್ಲ.

ಎರಡು ದಿನ ಎಲ್ಲ ನೆಟ್ಟಗಿತ್ತು. ಮೂರನೆಯ ದಿನ ಸದ್ದು ಮತ್ತೆ ಹುಟ್ಟಿತು, ಈ ಸಲ ಸಿರಿಯ ಬೆಂಚಿನ ಸುತ್ತ ಮಾತ್ರ. ರಾಧಾಮಣಿ ಹತ್ತಿರ ಹೋದರೂ ನಿಲ್ಲಲಿಲ್ಲ, ಬೇರೆ ಸಾಲಿಗೆ ದಾಟಲೂ ಇಲ್ಲ. ಸುತ್ತ ಕೂತವರೆಲ್ಲ ತುಟಿ ಬಿಗಿದು, ಮಿಸ್ಸಿನ ಮುಖವನ್ನೇ ನೋಡುತ್ತಿದ್ದರು. ಏನನ್ನೋ ಕಾಯುತ್ತಿದ್ದರು. ಅವಳಿಗೆ ಅರ್ಥವಾಯಿತು. ಅರ್ಥವಾಗಿಯೂ, ಪಡಸಾಲೆಯ ಕಡೆ ಒಮ್ಮೆ ನೋಡಿ, "ಸಿರಿ" ಎಂದಳು.

ಸಿರಿ ಎದ್ದು ಹೋದಳು. ಸದ್ದು ನಿಂತಿತು.

ಕೊನೆಯ ಬೆಂಚಿನಿಂದ ನಜೀರನ ಪಿಸುಮಾತು ಕೇಳಿಸಿತು: "ಮಾಲು ಆಚೆಗ್ಬಂತು ಕಣ್ಲಾ. ಲೈನ್ ಬಂದ್ ಮಾಡಿ."

ಅಂದಿನಿಂದ ಅದು ಆ ಕ್ಲಾಸಿನ ಪದ್ಧತಿಯಾಗಿಬಿಟ್ಟಿತು. ವಾರದಲ್ಲಿ ಒಂದು ಸಲವೋ ಎರಡು ಸಲವೋ, ಮನಸ್ಸು ಬಂದಾಗ ಮಿಷನ್ನು ಹಾಕುವುದು, ಸಿರಿ ಆಚೆ ಹೋಗುವ ತನಕ ಓಡಿಸುವುದು, ಆಮೇಲೆ ನಿಲ್ಲಿಸುವುದು. ನಿಲ್ಲಿಸಿದ ಮೇಲೆ ಮಾತ್ರ ಕೊಟ್ಟ ಮಾತಿಗೆ ತಪ್ಪದವರಂತಿದ್ದರು. ಬೆಲ್ ಹೊಡೆಯುವವರೆಗೆ ಒಬ್ಬರೂ ಕೆಮ್ಮುತ್ತಿರಲಿಲ್ಲ. "ಸಿರಿಗಿವತ್ತು ಓಟಿ ಕಣ್ಲಾ, ಓವರ್‌ಟೈಮು" ಎಂದು ಊಟದ ಹೊತ್ತಿನಲ್ಲಿ ನಲ್ಲಿಯ ಹತ್ತಿರ ಹುಡುಗರು ಅನ್ನುವುದು ಸ್ಟಾಫ್ ರೂಮಿನ ಕಿಟಕಿಗೆ ಕೇಳಿಸುತ್ತಿತ್ತು.

ರಾಧಾಮಣಿ ಯಾರಿಗೂ ಹೇಳಲಾಗದ ಮಾತು ಇನ್ನೊಂದಿತ್ತು. ಆ ಮೌನದಲ್ಲಿ ಅವಳು ಚೆನ್ನಾಗಿ ಪಾಠ ಮಾಡುತ್ತಿದ್ದಳು. ಕಣ್ವ ಎಲ್ಲಿ ಹುಟ್ಟುತ್ತದೆ, ಶಿಂಷಾ ಎಲ್ಲಿ ಕಾವೇರಿಗೆ ಬೀಳುತ್ತದೆ ಎಂದು ಹೇಳುವಾಗ ನಲವತ್ತು ಜೊತೆ ಕಣ್ಣುಗಳು ಅವಳ ಸೀಮೆಸುಣ್ಣದ ಹಿಂದೆ ಹರಿಯುತ್ತಿದ್ದವು. ಮನೆಯಿಂದ ಬರುವಾಗ ಕಣ್ಣಿಗೆ ಬಿದ್ದ ಹಳ್ಳ ಯಾವ ನದಿ ಸೇರುತ್ತದೆ ಎಂದು ಒಂದು ದಿನ ದೀಪುವೇ ಕೈಯೆತ್ತಿ ಕೇಳಿದ. ಅವಳು ಮೈಮರೆತು ವಿವರಿಸಿದಳು. ಬೆಲ್ ಹೊಡೆದಾಗಲೇ ಬಾಗಿಲಾಚೆ ಒಬ್ಬಳು ನಿಂತಿರುವುದು ನೆನಪಾದದ್ದು.

ಅವತ್ತು ಅವಳು ದೀಪುವನ್ನು ಒಬ್ಬನನ್ನೇ ಹುಣಸೆ ಮರದ ಕೆಳಗೆ ಕರೆದಳು.

"ಅವಳು ನಿಮಗೇನ್ ಮಾಡಿದಾಳೆ ದೀಪು?"

"ಯಾರು ಮಿಸ್?"

"ನಿಂಗೊತ್ತು."

ಹುಡುಗ ಕಾಲಲ್ಲಿ ಮಣ್ಣು ಕೆದಕಿದ. ಈಗ ಅವನ ಮುಖದಲ್ಲಿ ತುಂಟತನ ಇರಲಿಲ್ಲ, ನಿಜವಾಗಿಯೂ ತಿಳಿಯದವನ ಹಾಗಿದ್ದ. "ನಾವೇನ್ ಮಾಡುದ್ವು ಮಿಸ್? ಅವ್ಳನ್ನ ಆಚೆ ಕಳ್ಸಿ ಅಂತ ಯಾವತ್ತಾರ ಅಂದಿದ್ದೀವಾ? ನೀವೇ ಕಳುಸ್ತೀರಿ."

"ನೀವು ಸುಮ್ಮನಿದ್ರೆ ನಾನ್ಯಾಕೆ ಕಳಿಸ್ತೀನಪ್ಪ?"

"ನನ್ನೇ ಕಳ್ಸಿ ಮಿಸ್" ಎಂದ ದೀಪು. "ನಾನ್ ಹೋಯ್ತೀನಿ. ನೀವು ಕಳ್ಸಕಿಲ್ಲ, ನಮ್ಮಪ್ಪ ಬತ್ತಾರೆ ಅಂತ. ಎಲ್ರಿಗೂ ಗೊತ್ತು ಮಿಸ್."

ಹೇಳಿ, ತಪ್ಪು ಮಾತಾಡಿದೆನೇನೋ ಎಂದು ಹೆದರಿದವನಂತೆ ಓಡಿಹೋದ. ರಾಧಾಮಣಿ ಮರದ ಕೆಳಗೆ ನಿಂತಳು. ನೀಲಿ ತಗಡಿನ ಗೋಡೆಯಾಚೆ ನಿಜವಾದ ಮಿಷನ್ನುಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು.

ಆ ರಾತ್ರಿಯ ಮುದ್ದೆ ತಿರುವುವಾಗ ಅವಳು ನಿರ್ಧಾರ ಮಾಡಿದಳು. ಸಿರಿ ಹುಳದ ತಟ್ಟೆಗಳಿಗೆ ಸೊಪ್ಪು ಹಾಕಿ ಕೈ ತೊಳೆದು ಬಂದಾಗ ಹೇಳಿದಳು: "ನಾಳೆ ಹೆಡ್ ಮಾಸ್ಟರಿಗೆ ಹೇಳ್ಬುಡ್ತೀನಿ. ನಂಗಾಗಲ್ಲ ಅಂತ."

"ಯಾಕೆ?"

"ಯಾಕೆ ಅಂದ್ರೆ? ನಿನ್ನ ಬಿಸಿಲಲ್ಲಿ ನಿಲ್ಸಿ ನಾನ್ ಮೇಷ್ಟ್ರಾಗ್ಬೇಕಾ?"

ಸಿರಿ ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಳು. "ನೀನು ಬುಟ್ರೆ ನನ್ನಿಂದ ಬುಟ್ಟಂಗಾಯ್ತದೆ. ಆಮ್ಯಾಕೆ ಜೀವಮಾನ ಎಲ್ಲ ಆ ಟ್ರಂಕ್ ನೋಡ್ದಾಗೆಲ್ಲ ನಂಗೆ ಅದೇ ಅನ್ಸುತ್ತೆ." ಊದುಗೊಳವೆಯಿಂದ ಒಲೆಯನ್ನು ಊದಿ, ಹೊಗೆಗೆ ಕಣ್ಣು ಒರೆಸಿಕೊಂಡಳು. "ಮತ್ತೆ, ಆಚೆ ನಿಂತ್ರೆ ಪಾಠ ಚೆನ್ನಾಗಿ ಕೇಳುಸ್ತದೆ ಅಮ್ಮ. ಒಳಗಿದ್ರೆ ಬರೀ ಗುಂಯ್ಯೇ. ನೀನು ಚೆನ್ನಾಗಿ ಮಾಡ್ತೀಯ."

ರಾಧಾಮಣಿ ಮುದ್ದೆಯ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಮಗಳನ್ನು ಎಳೆದು ಅಪ್ಪಿಕೊಂಡಳು. ಸಿರಿ ಅಪ್ಪಿಸಿಕೊಂಡಳು, ಆದರೆ ಅವಳ ಮೈ ಸಡಿಲವಾಗಲಿಲ್ಲ. ನಿಂತು ನಿಂತು ಅಭ್ಯಾಸವಾದ ಮೈ ಅದು. "ಇನ್ಮೇಲೆ ಏನೇ ಆಗ್ಲಿ, ನಿನ್ನ ಕಳ್ಸಲ್ಲ" ಎಂದಳು ರಾಧಾಮಣಿ. "ಸೂರು ಹಾರಿಹೋದ್ರೂ ಕಳ್ಸಲ್ಲ."

"ಸುಮ್ಕಿರಮ್ಮ, ಮುದ್ದೆ ತಳ ಹಿಡೀತೈತೆ."

ಕಮಿಟಿಯವರು ಬರುವ ದಿನ ಗುರುಸಿದ್ದಯ್ಯನವರು ಇಸ್ತ್ರಿ ಮಾಡಿದ ಪಂಚೆ ಉಟ್ಟಿದ್ದರು. "ಮೂರನೇ ಪೀರಿಯಡ್ಡಿಗೆ ಕರ್ಕೊಂಡ್ ಬರ್ತೀನಿ ಮೇಡಂ. ಮರಿಯಪ್ಪನವರೇ ಬರ್ತಾರೆ. ಜೂನಿನ ಮಾತು ಇವತ್ತೇ ಇತ್ಯರ್ಥ ಆಗಿಹೋಗ್ಲಿ" ಎಂದರು. ಜವಾನ ದಾಸಪ್ಪ ಪಡಸಾಲೆಗೆ ನೀರು ಚಿಮುಕಿಸುತ್ತಿದ್ದ.

ರಾಧಾಮಣಿ ಒಳಗೆ ಹೋದಳು, ಪುಸ್ತಕ ಮೇಜಿನ ಮೇಲಿಟ್ಟಳು. ಪಾಠ ಶುರುಮಾಡುವುದಕ್ಕೆ ಮುಂಚೆ ಮಕ್ಕಳ ಕಡೆ ತಿರುಗಿ ನಿಂತಳು. ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದ ಮಾತು.

"ಇವತ್ತು ಯಾರೂ ಆಚೆ ಹೋಗಲ್ಲ" ಎಂದಳು. "ಸಿರಿನೂ ಹೋಗಲ್ಲ. ಅವಳನ್ನ ಕಳಿಸಿದ್ದು ನನ್ನ ತಪ್ಪು. ನಿಮ್ಮಲ್ಲಿ ಯಾರನ್ನ ಕಳಿಸೋಕೂ ನಂಗೆ ಧೈರ್ಯ ಇರಲಿಲ್ಲ, ಅದಕ್ಕೆ ಅವಳನ್ನ ಕಳಿಸಿದೆ. ಇನ್ನು ನೀವುಂಟು, ನಾನುಂಟು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಮಾತನ್ನು ಯಾವ ಮೇಷ್ಟ್ರ ಬಾಯಲ್ಲೂ ಅವರು ಕೇಳಿರಲಿಲ್ಲ. ಕೇಳಿ ಏನು ಮಾಡಬೇಕೆಂದು ಅವರಿಗೂ ತಿಳಿಯಲಿಲ್ಲ. ದೀಪು ತಲೆ ತಗ್ಗಿಸಿದ. ಒಂದು ಗಳಿಗೆ ರಾಧಾಮಣಿಗೆ, ಆಯಿತು, ಗೆದ್ದೆ ಎನಿಸಿತು.

ಬೋರ್ಡಿನ ಕಡೆ ತಿರುಗಿ ಕಾವೇರಿಯ ಗೀಟು ಎಳೆಯುವಾಗ ಎಲ್ಲೋ ಒಂದು ಕಡೆ ಶುರುವಾಯಿತು. ಕೆಟ್ಟತನದಿಂದಲ್ಲ. ಯಾರೋ ಒಬ್ಬ ಸಣ್ಣವನು, ಈ ಮೌನ ತಡೆಯಲಾಗದೆ, ಇದು ನಿಜವೋ ಸುಳ್ಳೋ ನೋಡೋಣ ಎಂದು ಶುರುಮಾಡಿದ್ದಿರಬೇಕು. ಅದನ್ನು ಎ ಶಿಫ್ಟು ಹಿಡಿದುಕೊಂಡಿತು. ಬಿ ಶಿಫ್ಟು ಹಿಡಿದುಕೊಂಡಿತು. ಅವಳು ತಿರುಗಲಿಲ್ಲ. ಅರ್ಕಾವತಿಯನ್ನು ಎಳೆದಳು. ಸಿ ಶಿಫ್ಟೂ ಸೇರಿತು. ಬೆಂಚುಗಳು ನಡುಗಿದವು, ಕಿಟಕಿಯ ಗಾಜು ಸಣ್ಣಗೆ ಅದುರಿತು. ಜನರಲ್ ಶಿಫ್ಟು. ಪಡಸಾಲೆಯಲ್ಲಿ ಗುರುಸಿದ್ದಯ್ಯನವರ ಧ್ವನಿ, ಜೊತೆಯಲ್ಲಿ ಮರಿಯಪ್ಪನವರ ನಗು.

ಅವಳು ತಿರುಗಿದಳು. "ಮಕ್ಕಳೇ" ಎಂದಳು. ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ. ದೀಪುವಿನ ತುಟಿ ಬಿಗಿದಿತ್ತು, ಅವನೂ ಹೊರಡಿಸುತ್ತಿದ್ದನೋ ಇಲ್ಲವೋ ಹೇಳುವಂತಿರಲಿಲ್ಲ. ಯಾರ ಮುಖವೂ ನಗುತ್ತಿರಲಿಲ್ಲ. ಹಾಕಿದ ಮಿಷನ್ನನ್ನು ನಿಲ್ಲಿಸುವುದು ಹೇಗೆಂದು ಅವರಿಗೂ ಗೊತ್ತಿಲ್ಲ ಎಂದು ರಾಧಾಮಣಿಗೆ ಆಗ ಹೊಳೆಯಿತು. ನಿಲ್ಲಿಸುವ ದಾರಿ ಅವರಿಗೆ ಗೊತ್ತಿದ್ದದ್ದು ಒಂದೇ. ಕಲಿಸಿದವಳೂ ತಾನೇ.

ಸಿರಿ ಎದ್ದಳು.

ಪೆನ್ನಿಗೆ ಮುಚ್ಚಳ ಹಾಕಿ ಪುಸ್ತಕದ ಮೇಲಿಟ್ಟಳು. ಮೊಳೆಗೆ ಸಿಕ್ಕದ ಹಾಗೆ ಲಂಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಬೆಂಚು ದಾಟಿ, ಅಮ್ಮನ ಮುಂದೆಯೇ ಹಾದು ಬಾಗಿಲಾಚೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು.

ಸದ್ದು ನಿಂತಿತು.

ಅದೇ ಹೊತ್ತಿಗೆ ಗುರುಸಿದ್ದಯ್ಯನವರು ಮರಿಯಪ್ಪನವರನ್ನು ಕರೆದುಕೊಂಡು ಬಾಗಿಲಿಗೆ ಬಂದರು. ಒಳಗೆ ಸಾಲು ಸಾಲಾಗಿ ಕೂತ ಮಕ್ಕಳು, ಬೋರ್ಡಿನ ಮೇಲೆ ಅಚ್ಚುಕಟ್ಟಾದ ನಕ್ಷೆ.

"ನೋಡಿ, ನಾನ್ ಹೇಳ್ತಿದ್ನಲ್ಲ" ಎಂದರು ಗುರುಸಿದ್ದಯ್ಯನವರು. "ಇದೇ ಕ್ಲಾಸು, ಹಿಂದೆ ಹೆಂಗಿತ್ತು. ಆಚೆ ನಿಂತಿರೋದು ಇವರ ಮಗಳೇ."

ಮರಿಯಪ್ಪನವರು ಸಿರಿಯನ್ನು ಮೇಲಿಂದ ಕೆಳಗೆ ನೋಡಿ ಮೆಚ್ಚಿಗೆಯಿಂದ ತಲೆಯಾಡಿಸಿದರು. "ಹಿಂಗಿರ್ಬೇಕು ಕಣಮ್ಮ ಶಿಸ್ತು ಅಂದ್ರೆ. ನಮ್ಮ ದೀಪುಗೂ ಒಸಿ ಬಿಗಿ ಮಾಡಿ. ನಾನೇನೂ ಅನ್ನಕಿಲ್ಲ." ಆಮೇಲೆ ಹೆಡ್ ಮಾಸ್ಟರ ಕಡೆ ತಿರುಗಿ, "ಇನ್ನೇನ್ ಕೇಳದೈತೆ ಬುಡಿ ಸಾರ್. ಜೂನಿಂದ ಇವ್ರೇ ಇರ್ಲಿ" ಎಂದರು.

ಅವರು ಎಂಟನೇ ತರಗತಿಯ ಕಡೆ ಹೋದರು. ಚಪ್ಪಲಿಯ ಸಪ್ಪಳ ದೂರವಾಯಿತು.

ರಾಧಾಮಣಿ ಬಾಗಿಲಿಗೆ ಬಂದಳು. "ಸಿರಿ, ಒಳಗೆ ಬಾ" ಎಂದಳು. ಮಕ್ಕಳಿಗೆಲ್ಲ ಕೇಳಿಸುವಂತೆ ಹೇಳಬೇಕೆಂದುಕೊಂಡಿದ್ದಳು, ಸಿರಿಗೆ ಕೇಳಿಸುವಷ್ಟೇ ಬಂತು.

ಸಿರಿ ಬಯಲಿನ ಕಡೆ ನೋಡುತ್ತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಮುಖ ತಿರುಗಿಸದೆಯೇ, ಸಿಟ್ಟಿಲ್ಲದೆ, ಮನೆಯಲ್ಲಿ ಸೊಪ್ಪಿನ ಬುಟ್ಟಿ ಎಲ್ಲಿಡಲಿ ಎಂದು ಕೇಳುವ ಧ್ವನಿಯಲ್ಲಿ ಹೇಳಿದಳು:

"ಪರವಾಗಿಲ್ಲ ಮಿಸ್. ಪಾಠ ಮಾಡಿ."

"ಬಾ ಮಗ."

"ನಾನ್ ಬಂದ್ರೆ ಮತ್ತೆ ಶುರುವಾಯ್ತದೆ."

ರಾಧಾಮಣಿ ಹೊಸ್ತಿಲಲ್ಲೇ ನಿಂತಳು. ಕೈಚಾಚಿದರೆ ಮಗಳ ಭುಜ ಸಿಗುತ್ತಿತ್ತು. ಬೆನ್ನ ಹಿಂದೆ ನಲವತ್ತು ಮಕ್ಕಳು, ಪೆನ್ನು ತೆರೆದು, ಪುಸ್ತಕ ಬಿಡಿಸಿ, ಅವಳು ಮುಂದೆ ಹೇಳುವುದನ್ನೇ ಕಾಯುತ್ತಿದ್ದರು. ಅಷ್ಟು ಒಳ್ಳೆಯ ಮೌನ ಅವಳಿಗೆ ಆ ಕ್ಲಾಸಿನಲ್ಲಿ ಯಾವತ್ತೂ ಸಿಕ್ಕಿರಲಿಲ್ಲ.

ಅವಳು ಒಳಗೆ ಹೋಗಿ, ಬಾಗಿಲಿಗೆ ತೀರ ಹತ್ತಿರದಲ್ಲಿ ನಿಂತುಕೊಂಡು, ಆಚೆಗೂ ಕೇಳಿಸುವಷ್ಟು ಗಟ್ಟಿಯಾಗಿ ಪಾಠ ಮುಂದುವರಿಸಿದಳು.